ಒಂದೇ ಹಾಡು, ಬೇರೆ ಬೇರೆ ರಾತ್ರಿಗಳು

ಅಮೆರಿಕದ ರಾಕ್ ಸಂಗೀತ ತಂಡ ಗ್ರೇಟ್‌ಫುಲ್ ಡೆಡ್‌ನ ಅತ್ಯುತ್ತಮ ಕಛೇರಿ ಯಾವುದೆಂದು ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಯಾವ ಅಭಿಮಾನಿಯನ್ನು ಕೇಳಿದರೂ ಉತ್ತರ ಬರುವುದು ತಾರೀಖಿನ ರೂಪದಲ್ಲಿ. ಹೆಚ್ಚಿನವರು ಹೇಳುವುದು 1977ರ ಮೇ 8, ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲ್. ನನ್ನ ಆಯ್ಕೆ 1972ರ ಆಗಸ್ಟ್ 27, ಆರೆಗಾನ್ ರಾಜ್ಯದ ವೆನೀಟಾ. ಸಾಹಿತಿ ಕೆನ್ ಕೀಸಿಯವರ ಸೋದರನ ಕುಟುಂಬ ನಡೆಸುತ್ತಿದ್ದ ಹಾಲಿನ ಡೇರಿಯೊಂದು ಕಷ್ಟಕ್ಕೆ ಸಿಲುಕಿದಾಗ ಅದರ ನೆರವಿಗಾಗಿ ಬಯಲಿನಲ್ಲಿ ನಡೆದ ಕಛೇರಿಯದು; ಆ ಡೇರಿಯ ಮೊಸರಿನ ಡಬ್ಬಿಗೆ ಅಂಟಿಸುವ ಲೇಬಲ್ಲುಗಳ ಮೇಲೆಯೇ ಟಿಕೆಟ್ ಅಚ್ಚು ಹಾಕಿಸಿದ್ದರು.

ಆ ದಿನದ ಬಿಸಿಲಿಗೆ ಗಿಟಾರುಗಳ ಶ್ರುತಿ ನಿಲ್ಲುತ್ತಿರಲಿಲ್ಲ, ಧ್ವನಿಮುದ್ರಿಕೆಯಲ್ಲಿ ಅದು ಕೇಳಿಸುತ್ತದೆ. ಆದರೂ ಅಲ್ಲಿನ ‘ಡಾರ್ಕ್ ಸ್ಟಾರ್’ಗೆ ಸಮನಾದದ್ದನ್ನು ನಾನು ಇನ್ನೂ ಕೇಳಿಲ್ಲ. 1968ರಲ್ಲಿ ಮೂರು ನಿಮಿಷವೂ ಇಲ್ಲದ ಗ್ರಾಮಫೋನ್ ತಟ್ಟೆಯಾಗಿ ಹೊರಬಂದ ಈ ಹಾಡು, ಮರುವರ್ಷದ ‘ಲೈವ್/ಡೆಡ್’ ಆಲ್ಬಮ್ಮಿನಲ್ಲಿ 23 ನಿಮಿಷಕ್ಕೆ ಬೆಳೆಯಿತು. ವೆನೀಟಾದಲ್ಲಿ ಅರ್ಧ ಗಂಟೆಯನ್ನೂ ದಾಟಿತು. ಇಬ್ಬರು ಡ್ರಮ್ ವಾದಕರಲ್ಲಿ ಮಿಕ್ಕಿ ಹಾರ್ಟ್ ಆಗ ತಂಡದಿಂದ ದೂರವಿದ್ದುದರಿಂದ ಲಯದ ಹೊಣೆಯೆಲ್ಲ ಬಿಲ್ ಕ್ರಾಯ್ಟ್ಸ್‌ಮನ್ ಒಬ್ಬರದೇ ಆಗಿತ್ತು. ಅವರು ಎಲ್ಲಿ ತಿರುಗಿದರೆ ಅಲ್ಲಿ ತಂಡ ಒಟ್ಟಾಗಿ ತಿರುಗುತ್ತದೆ. ಫಿಲ್ ಲೆಶ್ ಅವರ ಬಾಸ್ ಗಿಟಾರು ಕೇವಲ ಆಧಾರಸ್ವರ ಹಿಡಿದು ಕೂರದೆ ಜೆರ್ರಿ ಗಾರ್ಸಿಯಾ ಅವರ ಗಿಟಾರಿನೊಡನೆ ಸಮಾನವಾಗಿ ಮಾತಾಡುತ್ತದೆ. ಸ್ವರವೂ ಲಯವೂ ಪೂರ್ತಿ ಕದಡಿಹೋದ ಘಟ್ಟವೊಂದರ ನಂತರ, ಏನೂ ಆಗಿಲ್ಲವೆಂಬಂತೆ, ‘ಎಲ್ ಪಾಸೊ’ ಎಂಬ ದನಗಾಹಿಗಳ ಕಥನಗೀತೆ ಮೂಡುತ್ತದೆ. ಕಾರ್ನೆಲ್ ಕಛೇರಿಯಲ್ಲಿ ಇಬ್ಬರು ಡ್ರಮ್ಮಿಗರ ಬಲವಿದೆ, ಶುದ್ಧಿಯಿದೆ, ‘ಮಾರ್ನಿಂಗ್ ಡ್ಯೂ’ವಿನ ಕೊನೆಯ ಏರಿಕೆಯಂತೂ ಅಸಾಧಾರಣವಾದುದು. ಆದರೆ ದಾರಿ ತಪ್ಪಿಹೋಗುವ ಧೈರ್ಯವನ್ನು ನಾನು ಹೆಚ್ಚು ಮೆಚ್ಚುತ್ತೇನೆ.

ಇಂಥ ತೌಲನಿಕ ಆಲಿಕೆ ಸಾಧ್ಯವಾದದ್ದು ತಂಡದ ಉದಾರತೆಯಿಂದ. 1965ರಿಂದ 1995ರವರೆಗೆ ಅವರು ನೀಡಿದ ಕಛೇರಿಗಳು ಸುಮಾರು 2,300. ಅಭಿಮಾನಿಗಳು ರೆಕಾರ್ಡ್ ಮಾಡಿಕೊಳ್ಳುವುದನ್ನು ಮೊದಲು ಸಹಿಸಿಕೊಂಡ ತಂಡ, 1984ರ ಅಕ್ಟೋಬರಿನಲ್ಲಿ ಬರ್ಕ್ಲಿಯಿಂದ ಮೊದಲ್ಗೊಂಡು ಅವರಿಗಾಗಿಯೇ ಸಭಾಂಗಣದಲ್ಲಿ ಪ್ರತ್ಯೇಕ ಜಾಗವನ್ನು ಮೀಸಲಿಟ್ಟಿತು. ಕ್ಯಾಸೆಟ್ಟುಗಳನ್ನು ಹಂಚಿಕೊಳ್ಳಬಹುದಿತ್ತು, ಮಾರುವಂತಿರಲಿಲ್ಲ. ಆ ಹಂಚಿಕೆಯ ಶಿಸ್ತು ನನಗೆ ಬಹಳ ಮುಖ್ಯವೆನಿಸುತ್ತದೆ: ತಾರೀಖು, ಸ್ಥಳ, ಹಾಡುಗಳ ಅನುಕ್ರಮ, ಧ್ವನಿ ಪಡೆದದ್ದು ವೇದಿಕೆಯ ಮಿಕ್ಸರಿನಿಂದಲೋ ಪ್ರೇಕ್ಷಕರ ನಡುವಿನ ಮೈಕಿನಿಂದಲೋ, ಕೈಯಲ್ಲಿರುವುದು ಪ್ರತಿಯ ಎಷ್ಟನೆಯ ಪ್ರತಿ ಎಂಬುದನ್ನೆಲ್ಲ ಬರೆದಿಡುತ್ತಿದ್ದರು. ಕಾರ್ನೆಲ್ ಕಛೇರಿಯನ್ನು ಮುದ್ರಿಸಿದ ಬೆಟ್ಟಿ ಕ್ಯಾಂಟರ್-ಜಾಕ್ಸನ್ ಅವರ ಮೂಲ ಟೇಪುಗಳು 1986ರಲ್ಲಿ ಬಾಡಿಗೆ ಗೋದಾಮಿನಿಂದ ಹರಾಜಾಗಿ ಚದುರಿಹೋದವು. ಅವು ಮತ್ತೆ ಬೆಳಕಿಗೆ ಬಂದಾಗ ಗುರುತಿಸಿ ಬೆಲೆ ಕಟ್ಟುವ ಸಾವಿರಾರು ಕಿವಿಗಳು ಸಿದ್ಧವಾಗಿದ್ದವು. ಮುಂದೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅದೇ ಕಛೇರಿಯನ್ನು ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ ಸೇರಿಸಿತು.

ಧಾರವಾಡದ ಕಡೆಯ ನನ್ನಂಥವರಿಗೆ ಇದನ್ನು ನೋಡುವಾಗ ಸಂತೋಷದೊಡನೆ ಸಂಕಟವೂ ಆಗುತ್ತದೆ. ಕುಂದಗೋಳದ ನಾಡಿಗೇರ ವಾಡೆಯ ಅಹೋರಾತ್ರಿ ಕಛೇರಿಗಳಲ್ಲಿಯೂ ಬೆಂಗಳೂರಿನ ಚಾಮರಾಜಪೇಟೆಯ ರಾಮನವಮಿ ಸಂಗೀತೋತ್ಸವದಲ್ಲಿಯೂ ಒಂದೇ ರಾಗ ಒಂದೊಂದು ರಾತ್ರಿ ಒಂದೊಂದು ರೂಪ ತಾಳಿದೆ. ರಸಿಕರು ಅವನ್ನು ಪ್ರೀತಿಯಿಂದಲೇ ಹಿಡಿದಿಟ್ಟರು. ಆದರೆ ನನ್ನ ಕೈಗೆ ಬಂದ ಎಷ್ಟೋ ಕ್ಯಾಸೆಟ್ಟುಗಳ ಮೇಲೆ ಗಾಯಕರ ಹೆಸರೂ ರಾಗದ ಹೆಸರೂ ಬಿಟ್ಟರೆ ಬೇರೇನೂ ಇಲ್ಲ. ವರ್ಷವಿಲ್ಲ, ಊರಿಲ್ಲ, ತಬಲಾ ಯಾರದು, ಹಾರ್ಮೋನಿಯಂ ಯಾರದು ಎಂಬುದಿಲ್ಲ. ಮನೆಯವರಂತೆ ಬಲ್ಲವರ ನಡುವೆ ಮಾತ್ರ ಓಡಾಡಿದ ಕ್ಯಾಸೆಟ್ಟಿಗೆ ಅವೆಲ್ಲ ಬೇಕಾಗಿರಲಿಲ್ಲ ಎಂಬುದು ನಿಜ. ಇಲ್ಲಿ ಅಮೆರಿಕದಲ್ಲಿ ಕ್ಯಾಸೆಟ್ಟುಗಳು ಅಪರಿಚಿತರ ನಡುವೆ ಅಂಚೆಯಲ್ಲಿ ಹೋಗಬೇಕಾಗಿದ್ದರಿಂದಲೇ ಬರವಣಿಗೆ ಬೆಳೆಯಿತು. ನಮ್ಮ ಕಛೇರಿಗಳ ವಿವರ ಬಲ್ಲ ಹಿರಿಯರು ಇನ್ನೂ ನಮ್ಮೊಡನಿರುವಾಗಲೇ ಅದನ್ನು ಅವರಿಂದ ಬರೆಸಿಕೊಳ್ಳಬೇಕು. ಪ್ರತಿ ಮಾಡಿಕೊಡಲು ಹಿಂಜರಿಯುವ ನಮ್ಮ ಸಂಕೋಚವನ್ನೂ ಬಿಡಬೇಕು. ಕಲಾವಿದರ ಒಪ್ಪಿಗೆಯ ಪ್ರಶ್ನೆಯಿದೆ, ಅದನ್ನು ಅವರ ಮನೆಯವರೊಡನೆ ನೇರವಾಗಿ ಮಾತಾಡಿ ಬಗೆಹರಿಸಿಕೊಳ್ಳುವುದು ಅಸಾಧ್ಯವೇನಲ್ಲ.

ಈ ತಂಡಕ್ಕೂ ನಮ್ಮ ಸಂಗೀತಕ್ಕೂ ನಿಜವಾದ ನಂಟೊಂದಿದೆ. ಮಿಕ್ಕಿ ಹಾರ್ಟ್ ಅವರು ತಬಲಾ ವಾದಕ ಅಲ್ಲಾ ರಖಾ ಅವರಿಂದ ಪಾಠ ಪಡೆದವರು, ಜಾಕಿರ್ ಹುಸೇನ್ ಅವರೊಡನೆ ವರ್ಷಗಟ್ಟಲೆ ನುಡಿಸಿದವರು. ‘ಲೈವ್/ಡೆಡ್’ನಲ್ಲಿರುವ ‘ದಿ ಇಲೆವೆನ್’ ಹನ್ನೊಂದು ಮಾತ್ರೆಗಳಲ್ಲಿ ಸಾಗುತ್ತದೆ. ಕೈಯಲ್ಲಿ ತಾಳ ಹಾಕುತ್ತಾ ಕೇಳಿದರೆ ಅದರ ಚೆಲುವು ಬೇಗ ತಿಳಿಯುತ್ತದೆ.

ಆದರೂ ಶಾಸ್ತ್ರೀಯ ಸಂಗೀತ ಕೇಳಿ ಬೆಳೆದ ಕನ್ನಡಿಗರಿಗೆ ನಾನು ಮೊದಲು ಕೊಡುವುದು ವೆನೀಟಾವನ್ನೂ ಅಲ್ಲ, ಕಾರ್ನೆಲ್ಲನ್ನೂ ಅಲ್ಲ. 1990ರ ಮಾರ್ಚ್ 29ರಂದು ನ್ಯೂಯಾರ್ಕಿನ ನಾಸೌ ಕಲಿಸೀಯಮ್ಮಿನಲ್ಲಿ ಜಾಜ್ ಸ್ಯಾಕ್ಸೊಫೋನ್ ವಾದಕ ಬ್ರ್ಯಾನ್‌ಫರ್ಡ್ ಮಾರ್ಸಾಲಿಸ್ ಪೂರ್ವಾಭ್ಯಾಸವಿಲ್ಲದೆ ಇವರೊಡನೆ ಮೊದಲ ಬಾರಿ ವೇದಿಕೆಯೇರಿದರು. ‘ಬರ್ಡ್ ಸಾಂಗ್’ನಲ್ಲಿ ಅವರು ಗಾರ್ಸಿಯಾ ಅವರ ಸ್ವರಗುಚ್ಛವೊಂದನ್ನು ಹಿಡಿದು, ತಿರುಗಿಸಿ, ಮರಳಿ ಅವರ ಕೈಗೇ ಕೊಡುತ್ತಾರೆ. ಜುಗಲ್‌ಬಂದಿ ಕೇಳಿದ ಕಿವಿಗೆ ಅಲ್ಲಿ ಯಾವ ವಿವರಣೆಯೂ ಬೇಕಾಗುವುದಿಲ್ಲ. ಅತಿಥಿಯಾಗಿ ಒಂದೇ ಹಾಡಿಗೆ ಬಂದ ಮಾರ್ಸಾಲಿಸ್ ಅವರನ್ನು ತಂಡ ಅಂದು ಎರಡನೆಯ ಭಾಗಕ್ಕೂ ಕರೆಯಿತು, ಅದರಲ್ಲಿ ‘ಡಾರ್ಕ್ ಸ್ಟಾರ್’ ಕೂಡ ಇದೆ.