ಲಿಲ್ಲಿಗೆ ಕೋಲು ಕೊಡೋಕೆ ಹೋಗಿ ಗೆಡ್ಡೆಗೇ ಚುಚ್ಚಿದ ಪುಣ್ಯಾತ್ಮರು

ನಾಲ್ಕು ದಿನ, ಬರೀ ನಾಲ್ಕು ದಿನ ಮನೆಯಲ್ಲಿ ಇರಲಿಲ್ಲ. ಹೋಗುವಾಗ ಹೇಳಿದ್ದು ಒಂದೇ ಮಾತು: ಮಣ್ಣು ಒಣಗಿದ್ರೆ ಲಿಲ್ಲಿಗೆ ನೀರು ಹಾಕಿ, ಬೇರೆ ಏನೂ ಮಾಡಬೇಡಿ. ಬಂದು ನೋಡಿದರೆ ಬುಡಕ್ಕೆ ಅಂಟಿಕೊಂಡ ಹಾಗೆ ಒಂದು ದಪ್ಪ ಕೋಲು, ಅದಕ್ಕೆ ಕಾಂಡವನ್ನು ತಂತಿಯಲ್ಲಿ ಮೂರು ಸುತ್ತು ಬಿಗಿದಿದ್ದಾರೆ, ಕಳ್ಳನನ್ನು ಕಂಬಕ್ಕೆ ಕಟ್ಟಿದ ಹಾಗೆ. "ವಾಲ್ತಾ ಇತ್ತು ಕಣೇ, ಅದಕ್ಕೇ ಸುತ್ತಿಗೇಲಿ ಹೊಡೆದು ಗಟ್ಟಿಯಾಗಿ ನಿಲ್ಲಿಸಿದೀನಿ" ಅಂತ ನಮ್ಮ ಮನೆಯವರು ಹೆಮ್ಮೆಯಿಂದ ಬೇರೆ ಹೇಳುತ್ತಾರೆ.

ಸುತ್ತಿಗೆ! ಅದೇನು ಗೋಡೆಗೆ ಮೊಳೆಯಾ?

ಹತ್ತು ದಿನಕ್ಕೆ ಕೆಳಗಿನ ಎಲೆ ಹಳದಿಯಾಯಿತು. ಏಳು ಮೊಗ್ಗು ಇದ್ದವು, ಇನ್ನೇನು ಬಣ್ಣ ಕಾಣುವ ಹೊತ್ತು, ಒಂದೊಂದೇ ಕಂದಿ ಬಾಗಿದವು. ತಡೆಯಲಾರದೆ ಅಗೆದು ನೋಡಿದೆ. ಕೋಲು ಗೆಡ್ಡೆಯ ಒಂದು ಬದಿಯನ್ನು ಸೀಳಿಕೊಂಡು ಇಳಿದಿತ್ತು. ಮುಟ್ಟಿದರೆ ಲೊಳಲೊಳ, ಕೊಳೆತ ವಾಸನೆ. ಲಿಲ್ಲಿ ಗೆಡ್ಡೆಗೆ ಈರುಳ್ಳಿಗೆ ಇರೋ ಹಾಗೆ ಒಣ ಸಿಪ್ಪೆ ಇರುವುದಿಲ್ಲ, ಬರೀ ಎಸಳುಗಳು ಒಂದರ ಮೇಲೊಂದು ಕೂತಿರುತ್ತವೆ, ಸ್ವಲ್ಪ ಗಾಯವಾದರೂ ಕೊಳೆ ಸುಲಭವಾಗಿ ಹತ್ತುತ್ತದೆ. ಮೇಲಾಗಿ ಒಂದು ಗೆಡ್ಡೆಗೆ ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಕಾಂಡ. ಅದು ಹೋಯಿತಾ, ಆ ವರ್ಷದ ಹೂವು ಹೋಯಿತು. ಕತ್ತರಿಸಿದರೆ ಪಕ್ಕದಲ್ಲಿ ಚಿಗುರೋಕೆ ಇದೇನು ದಾಸವಾಳ ಅಲ್ಲ.

ನಿಜ ಹೇಳಬೇಕೆಂದರೆ ನನ್ನದೂ ತಪ್ಪಿದೆ (ಇದನ್ನು ಮನೆಯಲ್ಲಿ ಹೇಳಿಲ್ಲ, ಹೇಳುವುದೂ ಇಲ್ಲ). ಆಳೆತ್ತರ ಬೆಳೆಯುವ ಜಾತಿಗೆ ಗೆಡ್ಡೆ ನೆಡುವಾಗಲೇ ಕೋಲು ಊರಬೇಕು, ಆಗ ಗೆಡ್ಡೆ ಎಲ್ಲಿದೆ ಅಂತ ಕಣ್ಣಿಗೆ ಕಾಣುತ್ತದೆ. ಆಮೇಲೆ ಅದು 15 ಸೆಂಟಿಮೀಟರ್ ಮಣ್ಣಿನಡಿ ಇರುತ್ತದೆ, ಜೊತೆಗೆ ಗೆಡ್ಡೆಯ ಮೇಲೆ ಮಣ್ಣಿನೊಳಗೆ ಇರುವ ಕಾಂಡದಿಂದಲೂ ಬೇರು ಬಿಟ್ಟಿರುತ್ತದೆ, ಬುಡದಲ್ಲಿ ಎಲ್ಲಿ ಚುಚ್ಚಿದರೂ ಏನೋ ಒಂದು ತುಂಡಾಗುತ್ತದೆ. ತಡವಾಗಿ ಕೊಡಲೇಬೇಕು ಅಂದರೆ ಒಂದು ಗೇಣು ದೂರದಲ್ಲಿ, ಕೈಯಲ್ಲೇ ನಿಧಾನವಾಗಿ ಒತ್ತಿ, ಏನಾದರೂ ತಡೆದರೆ ಅಲ್ಲಿಗೇ ಬಿಟ್ಟು ಬೇರೆ ಕಡೆ ನೋಡಬೇಕು. ಕಟ್ಟೋಕೆ ಹಳೇ ಬನಿಯನ್ ಬಟ್ಟೆಯ ಚಿಂದಿ ಸಾಕು. ಕೋಲಿಗೂ ಕಾಂಡಕ್ಕೂ ನಡುವೆ 8ರ ಆಕಾರದಲ್ಲಿ ಸಡಿಲವಾಗಿ ಸುತ್ತಿದರೆ ಗಾಳಿಗೆ ತುಸು ಆಡುತ್ತದೆ, ಕಾಂಡ ಕುಯ್ಯುವುದಿಲ್ಲ. ತಂತಿ ಬಿಚ್ಚಿದಾಗ ನನ್ನ ಗಿಡದಲ್ಲಿ ಬಳೆ ಹಾಕಿದ ಹಾಗೆ ಮೂರು ಕಂದು ಗೀರು ಇದ್ದವು. ನೋಡಿ ಹೊಟ್ಟೆ ಉರಿಯಿತು.

ಅಷ್ಟಕ್ಕೂ ಅದು ಬೀಳುತ್ತಾ ಇರಲಿಲ್ಲ ರೀ! ಪಕ್ಕದಲ್ಲಿ ಗೋಡೆ ಇದೆ, ಬೆಳಕಿನ ಕಡೆ ತಿರುಗಿತ್ತು, ಅಷ್ಟೇ.

ಹೋದ ವರ್ಷ ಇನ್ನೊಂದು ಕಥೆ. ಹೂವು ಮುಗಿದ ಮೇಲೆ "ಬೋಳು ಕಡ್ಡಿ ಅಸಹ್ಯ ಕಾಣುತ್ತೆ" ಅಂತ ಇವರೇ ಹಸಿರು ಕಾಂಡವನ್ನು ಬುಡಕ್ಕೆ ಕತ್ತರಿಸಿದ್ದರು. ಬೋಳು ಎಲ್ಲಿ ಬಂತು, ತುಂಬಾ ಎಲೆ ಇತ್ತು! ಆ ಎಲೆಗಳೇ ಅಲ್ವಾ ಮುಂದಿನ ವರ್ಷಕ್ಕೆ ಗೆಡ್ಡೆಯನ್ನು ತುಂಬಿಸುವುದು? ಬಾಡಿದ ಹೂವು ಮಾತ್ರ ಚಿವುಟಿ, ಎಲೆ ತಾನಾಗಿ ಹಳದಿಯಾಗೋವರೆಗೆ ಸುಮ್ನೆ ಇರಬೇಕು. ಸುಮ್ನೆ ಇರೋದು ಇಷ್ಟು ಕಷ್ಟವಾ?

ಈ ಸಲ ಗೆಡ್ಡೆಯಲ್ಲಿ ಕೊಳೆತದ್ದನ್ನು ಬಿಸಾಕಿ, ಗಟ್ಟಿಯಾಗಿದ್ದ ಒಂಬತ್ತು ಎಸಳು ಬಿಡಿಸಿ, ಒದ್ದೆ ತೆಂಗಿನ ನಾರಿನ ಪುಡಿಯಲ್ಲಿ ಸೇರಿಸಿ ಕವರ್‌ಗೆ ಹಾಕಿ ಬಾಯಿ ಕಟ್ಟಿಟ್ಟಿದ್ದೇನೆ. ಎಸಳಿನ ಬುಡದಲ್ಲಿ ಪುಟ್ಟ ಗೆಡ್ಡೆ ಮೂಡೋಕೆ ಒಂದೆರಡು ತಿಂಗಳು, ಅದು ಬೆಳೆದು ಹೂವು ಬಿಡೋಕೆ ಎರಡು ಮೂರು ವರ್ಷ. ನಿನ್ನೆ ಇವರು ಕವರ್ ಎತ್ತಿ ಬೆಳಕಿಗೆ ಹಿಡಿದು ನೋಡಿ, "ಇದಕ್ಕೆ ತೂತು ಗೀತು ಮಾಡ್ಲಾ?" ಅಂದರು. ಸುತ್ತಿಗೆಯನ್ನು ಬಚ್ಚಿಟ್ಟಿದ್ದೇನೆ.