ಮೂವತ್ತು ಅಡಿ ದೋಣಿಗೆ ಶವರ್ ಕೋಣೆ ಯಾಕೆ ಬೇಕು?

ಈಗಷ್ಟೇ ಒಂದು ವಿಡಿಯೊ ನೋಡಿ ಮುಗಿಸಿದೆ. 30 ಅಡಿಯ ಹಾಯಿದೋಣಿ, ಅದರ ಟಾಯ್ಲೆಟ್ ಗೂಡಿನೊಳಗೆ ಬಿಸಿನೀರಿನ ಶವರ್ ಕೂರಿಸುವುದು ಹೇಗೆಂಬ ಪಾಠ. ಪಂಪು, ಪೈಪು, ಬಾಯ್ಲರ್, ನಲ್ಲಿ ಎಲ್ಲದಕ್ಕೂ ಧಾರಾಳವಾಗಿ ಸಮಯ ಕೊಟ್ಟಿದ್ದಾರೆ. ಮೈಮೇಲೆ ಬಿದ್ದ ನೀರು ಆಮೇಲೆ ಎಲ್ಲಿಗೆ ಹೋಗುತ್ತದೆ ಅನ್ನುವುದಕ್ಕೆ ಮಾತ್ರ ಒಂದೇ ಮಾತು: ಬಿಲ್ಜಿಗೆ ಇಳಿಯುತ್ತದೆ, ಅಲ್ಲಿರುವ ಪಂಪು ಹೊರಹಾಕುತ್ತದೆ. ಆ ಒಂದು ಮಾತಿಗೆ ಸಿಟ್ಟು ಬಂದೇ ಇದನ್ನು ಬರೆಯಲು ಕೂತಿದ್ದೇನೆ. ನನ್ನ ಹಾಯಿದೋಣಿ ಹುಚ್ಚು ಗೊತ್ತಿರುವವರು ಸಹಿಸಿಕೊಂಡು ಓದಿ.

ಬಿಲ್ಜ್ ಅಂದರೆ ದೋಣಿಯ ತಳದಲ್ಲಿರುವ ತಗ್ಗು. ಎಲ್ಲೋ ಸೋರಿದ ನೀರು ಬಂದು ನಿಲ್ಲುವ ಜಾಗ. ಅಲ್ಲಿನ ಪಂಪು ಇರುವುದು ದೋಣಿ ಮುಳುಗದಂತೆ ಕಾಯಲಿಕ್ಕೆ. ಅದರ ಬಾಯಿಗೆ ಒಂದು ಜರಡಿ ಇರುತ್ತದೆ. ಸ್ನಾನದ ನೀರಿನ ಜೊತೆ ಇಳಿಯುವ ಕೂದಲು ಆ ಜರಡಿಗೆ ಸುತ್ತಿಕೊಳ್ಳುತ್ತದೆ, ಸೋಪಿನ ಜಿಡ್ಡು ಆ ಕೂದಲಿಗೆ ಮೆತ್ತಿಕೊಳ್ಳುತ್ತದೆ, ಕೆಲವು ವಾರಗಳಲ್ಲಿ ಅದು ಉಣ್ಣೆಯ ಉಂಡೆಯ ಹಾಗೆ ಗಟ್ಟಿಯಾಗುತ್ತದೆ. ನೀರಿನ ಮಟ್ಟ ಏರಿದಾಗ ಪಂಪನ್ನು ಚಾಲೂ ಮಾಡುವ ತೇಲುಗುಂಡಿಯೂ ಇದೇ ಜಿಡ್ಡಿನಲ್ಲಿ ಅಂಟಿಕೊಂಡು ಏಳದೆ ಕೂರಬಹುದು. ಇದೆಲ್ಲ ಗೊತ್ತಾಗುವುದು ನಿಜವಾಗಿ ನೀರು ನುಗ್ಗಿದ ದಿನ. ಸ್ನಾನದ ನೀರನ್ನು ಬಿಲ್ಜಿಗೆ ಬಿಡುವುದು ತಪ್ಪು. ಇದರಲ್ಲಿ ಎರಡು ಅಭಿಪ್ರಾಯಕ್ಕೆ ಜಾಗವೇ ಇಲ್ಲ.

ಸರಿಯಾದ ಕ್ರಮ ಬೇರೆ. ಶವರಿನ ನೆಲ ಬಹುತೇಕ ಹೊರಗಿನ ಕಡಲಮಟ್ಟದ ಹತ್ತಿರವೋ ಅದಕ್ಕಿಂತ ಕೆಳಗೋ ಇರುವುದರಿಂದ ನೀರು ತಾನಾಗಿ ಹೊರಹೋಗದು. ಅದಕ್ಕೆಂದೇ ಬೇರೆ ಪೆಟ್ಟಿಗೆ ಬೇಕು, ಒಳಗೊಂದು ಜಾಲರಿ, ಸಣ್ಣ ಪಂಪು, ತೇಲುಗುಂಡಿ, ಕಡಲನೀರು ಹಿಂದಕ್ಕೆ ಬಾರದ ಹಾಗೆ ನೀರಿನ ಮಟ್ಟಕ್ಕಿಂತ ಎತ್ತರಕ್ಕೆ ಬಳಸಿ ತಂದ ಪೈಪು. ಇಷ್ಟನ್ನೂ ಹಾಕಿದ ಮೇಲೆ ಆ ಜಾಲರಿಯನ್ನು ವಾರಕ್ಕೊಮ್ಮೆಯಾದರೂ ಕೈಯಿಂದ ಬಿಡಿಸಬೇಕು. ಪೆಟ್ಟಿಗೆಯ ತಳದಲ್ಲಿ ಯಾವಾಗಲೂ ಒಂದಿಷ್ಟು ನೀರು ಉಳಿದು, ಗಾಳಿಯಾಡದೆ ಕೊಳೆತು, ಬಿಸಿಲಿನ ದಿನಗಳಲ್ಲಿ ಇಡೀ ಕ್ಯಾಬಿನ್ನಿಗೆ ಕೊಳೆತ ಮೊಟ್ಟೆಯ ವಾಸನೆ ಹರಡುತ್ತದೆ. ಮೂವತ್ತು ಅಡಿಯಲ್ಲಿ ವಾಸನೆಯಿಂದ ತಪ್ಪಿಸಿಕೊಂಡು ಹೋಗಲು ಇನ್ನೊಂದು ಕೋಣೆ ಎಲ್ಲಿದೆ?

ನೀರಿನ ಲೆಕ್ಕ ಇನ್ನೂ ಕಷ್ಟ. ಇಂಥ ದೋಣಿಗಳ 12 ವೋಲ್ಟಿನ ಪಂಪು ನಿಮಿಷಕ್ಕೆ 10 ಲೀಟರಿನ ಆಸುಪಾಸು ತಳ್ಳಬಲ್ಲದು. ಕಡಿಮೆ ಹರಿಯುವ ಶವರ್ ಹೆಡ್ ಹಾಕಿ 6 ಲೀಟರಿಗೆ ಇಳಿಸಿದಿರಿ ಅನ್ನಿ. ಐದು ನಿಮಿಷದ ಸ್ನಾನಕ್ಕೆ 30 ಲೀಟರ್, ಇಬ್ಬರಿಗೆ 60. ಟ್ಯಾಂಕು 150 ಲೀಟರಿನದಾದರೆ ಮೂರನೆಯ ದಿನದ ಸ್ನಾನ ಅರ್ಧಕ್ಕೇ ನಿಲ್ಲುತ್ತದೆ, ಅದೂ ಯಾರೂ ಒಂದು ಗುಟುಕು ಕುಡಿಯದೆ, ಒಂದು ಹಿಡಿ ಅಕ್ಕಿ ಬೇಯಿಸದೆ ಇದ್ದರೆ. ಬಿಸಿನೀರು ಬರುವವರೆಗೆ ಪೈಪಿನಲ್ಲಿದ್ದ ತಣ್ಣೀರನ್ನು ಹರಿಯಬಿಡುವ ನಷ್ಟ ಇದಕ್ಕೆ ಸೇರಿಲ್ಲ.

ಉಪ್ಪುನೀರನ್ನು ಸಿಹಿ ಮಾಡುವ ಯಂತ್ರ ಇದೆಯಲ್ಲ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಇದೆ. ಬ್ಯಾಟರಿಯಿಂದ ನಡೆಯುವ ಚಿಕ್ಕ ಯಂತ್ರ 12 ವೋಲ್ಟಿನಲ್ಲಿ 4 ಆಂಪಿಯರಿನಷ್ಟು ಎಳೆದು ಗಂಟೆಗೆ 5ರಿಂದ 6 ಲೀಟರ್ ಕೊಡುತ್ತದೆ. ಒಬ್ಬರ 30 ಲೀಟರ್ ಸ್ನಾನಕ್ಕೆ ಐದು ಗಂಟೆಗೂ ಮೇಲೆ, ಬ್ಯಾಟರಿಯಿಂದ 20 ಆಂಪಿಯರ್ ಗಂಟೆಗೂ ಹೆಚ್ಚು. ಎಣ್ಣೆ ತೇಲುವ ಬಂದರಿನ ನೀರಿನಲ್ಲಿ ಅದನ್ನು ನಡೆಸುವ ಹಾಗಿಲ್ಲ, ಒಳಗಿನ ಪೊರೆ ಹಾಳಾಗುತ್ತದೆ. ಕೆಲವು ದಿನ ಸುಮ್ಮನೆ ಬಿಟ್ಟರೂ ಸಿಹಿನೀರಿನಿಂದ ತೊಳೆದಿಡಬೇಕು. ಆ ಯಂತ್ರದ ನೀರು ಕುಡಿಯಲಿಕ್ಕಿರಲಿ.

ಹಾಗಾದರೆ ಕೊಳಕಾಗಿ ಇರಬೇಕೇ? ಖಂಡಿತ ಇಲ್ಲ. ಸ್ನಾನ ಬಿಟ್ಟರೆ ಆಗುವುದು ಬರೀ ವಾಸನೆಯಲ್ಲ. ಒದ್ದೆ ಬಟ್ಟೆಯಲ್ಲಿ ಗಂಟೆಗಟ್ಟಲೆ ಕೂತಾಗ ಉಪ್ಪಿನ ಹರಳು ಚರ್ಮವನ್ನು ಉಜ್ಜುತ್ತದೆ, ತೇವಕ್ಕೆ ಮೆತ್ತಗಾದ ಚರ್ಮ ತರಚುತ್ತದೆ, ಅಲ್ಲಿ ರೋಗಾಣು ಸೇರಿ ಪೃಷ್ಠದ ಮೇಲೆ, ತೊಡೆಸಂದಿನಲ್ಲಿ, ಕೋಟಿನ ತೋಳಂಚು ತಾಗುವ ಮಣಿಕಟ್ಟಿನ ಸುತ್ತ ಕುರು ಏಳುತ್ತದೆ. ಕೂರಲೂ ಆಗದೆ ಮಲಗಲೂ ಆಗದೆ ಚುಕ್ಕಾಣಿ ಹಿಡಿಯುವುದು ಶಿಕ್ಷೆ. ಜೊತೆಗೆ ಉಪ್ಪು ಗಾಳಿಯಿಂದ ತೇವ ಹೀರುತ್ತದೆ. ಅಡುಗೆ ಉಪ್ಪು ಗಾಳಿಯ ತೇವ ಶೇಕಡಾ 75 ದಾಟಿದರೆ ನೀರೊಡೆಯುತ್ತದೆ. ಕಡಲುಪ್ಪಿನಲ್ಲಿ ಮೆಗ್ನೀಸಿಯಂ ಲವಣವೂ ಇರುವುದರಿಂದ ಅದಕ್ಕಿಂತ ಬೇಗ. ಮೈಮೇಲಿನ ಉಪ್ಪು ಒಮ್ಮೆ ಹಾಸಿಗೆಗೆ ಸೇರಿತೆಂದರೆ ಆ ಹಾಸಿಗೆ ಸಿಹಿನೀರಿನಲ್ಲಿ ತೊಳೆಯುವ ತನಕ ಒಣಗುವುದಿಲ್ಲ, ಎಷ್ಟು ಬಿಸಿಲಿಗೆ ಹಾಕಿದರೂ ರಾತ್ರಿ ಮತ್ತೆ ಜಿನುಗುತ್ತದೆ. ದೋಣಿಯ ಸ್ನಾನದಲ್ಲಿ ಮುಖ್ಯವಾದದ್ದು ಉಪ್ಪು ಕಳೆಯುವುದು. ಅದಕ್ಕೆ 30 ಲೀಟರ್ ಬೇಡ. ಎರಡು, ಹೆಚ್ಚೆಂದರೆ ಎರಡೂವರೆ ಲೀಟರ್ ಸಿಹಿನೀರು ಸಾಕು.

ಸಾಧನ ತೀರ ಸಾದಾ. ಗಿಡಗಳಿಗೆ ಔಷಧಿ ಹೊಡೆಯುವ, ಕೈಯಿಂದ ಗಾಳಿ ತುಂಬುವ 5 ಲೀಟರಿನ ಪ್ಲಾಸ್ಟಿಕ್ ಸ್ಪ್ರೇಯರ್. ಹೊಸದೇ ಆಗಬೇಕು, ಒಮ್ಮೆಯೂ ಔಷಧಿ ಕಾಣದ್ದು. ಅದರ ಉದ್ದ ಕಡ್ಡಿ ಮತ್ತು ಮಂಜು ಚೆಲ್ಲುವ ಮೂತಿ ತೆಗೆದು, ಅಡುಗೆಮನೆಯ ಸಿಂಕಿನಲ್ಲಿರುವಂಥ ಒತ್ತಿದರೆ ಬಿಡುವ ಕೈಶವರ್ ಹಾಕಿ. ಹನಿ ಸ್ವಲ್ಪ ದಪ್ಪ ಇರಬೇಕು. ಮಂಜಿನಂಥ ಹನಿ ಮೈಗೆ ತಾಗುವ ಮೊದಲೇ ತಣ್ಣಗಾಗುತ್ತದೆ, ಉಪ್ಪನ್ನೂ ತಳ್ಳುವುದಿಲ್ಲ. ಅರ್ಧ ತುಂಬಿಸಿ, ಮೇಲಿನ ಅರ್ಧ ಗಾಳಿಗೆ ಬಿಟ್ಟು, ಹದಿನೈದಿಪ್ಪತ್ತು ಸಲ ಒತ್ತಿದರೆ ಒತ್ತಡ ಬರುತ್ತದೆ. ಮುಚ್ಚಳದ ರಬ್ಬರ್ ಬಳೆ ಮೊದಲು ಕೈಕೊಡುವ ಭಾಗ. ಅದಕ್ಕೆ ಸಿಲಿಕೋನ್ ಗ್ರೀಸ್ ಸವರಿ, ಇನ್ನೊಂದನ್ನು ಡಬ್ಬಿಯಲ್ಲಿ ಇಟ್ಟುಕೊಂಡಿರಿ.

ಬಿಸಿನೀರು ಬೇಕಾದರೆ ನೀರು 25 ಡಿಗ್ರಿ ಇದ್ದಾಗ ಎರಡು ಲೀಟರಿಗೆ ಅರ್ಧ ಲೀಟರ್ ಕುದಿಯುವ ನೀರು ಬೆರೆಸಿದರೆ 40 ಡಿಗ್ರಿ ಬರುತ್ತದೆ. ಚಳಿಯ ಸೀಮೆಯಲ್ಲಿ ನೀರು 10 ಡಿಗ್ರಿಗೆ ಇಳಿದಿದ್ದರೆ ಎರಡು ಪಾಲು ತಣ್ಣೀರಿಗೆ ಒಂದು ಪಾಲು ಕುದಿನೀರು. ತಣ್ಣೀರು ಮೊದಲು, ಕುದಿನೀರು ಆಮೇಲೆ, ಬೆರೆತ ಮೇಲೆ ಮುಚ್ಚಳ. ತಿರುವುಮುರುವಾದರೆ ಪ್ಲಾಸ್ಟಿಕ್ ಮೆತ್ತಗಾಗುತ್ತದೆ, ಒತ್ತಡ ತುಂಬುವ ಪಾತ್ರೆಯಲ್ಲಿ ಅದು ಅಪಾಯ. ಡಬ್ಬಿಯ ಮೇಲೆ ಎಷ್ಟು ಬಿಸಿಯವರೆಗೆ ಅಂತ ಬರೆದಿರುತ್ತದೆ, ನೋಡಿಕೊಳ್ಳಿ.

ಇನ್ನು ಮೀಯುವ ಕ್ರಮ. ಕಾಕ್‌ಪಿಟ್ಟಿನ, ಅಂದರೆ ಚುಕ್ಕಾಣಿ ಹಿಡಿದು ಕೂರುವ ತೆರೆದ ತಗ್ಗಿನ, ನೆಲದ ಮೇಲೆ ಕೂತುಕೊಳ್ಳಿ. ಸೋಪು ಬಿದ್ದ ಫೈಬರಿನ ಮೇಲೆ ಪಾಚಿಗಿಂತ ಜಾರುತ್ತದೆ, ನಿಂತು ಮೀಯುವ ಹಟ ಬೇಡ. ಮೊದಲು ಒಂದು ಬಕೆಟ್ ಕಡಲನೀರು ಸುರಿದುಕೊಂಡು ಮೈ ನೆನೆಸಿ. ಬಿಲ್ಲೆ ಸೋಪು ಇಲ್ಲಿ ಕೆಲಸಕ್ಕೆ ಬಾರದು. ಲೀಟರ್ ಕಡಲನೀರಿನಲ್ಲಿ ಸುಮಾರು 400 ಮಿಲಿಗ್ರಾಂ ಕ್ಯಾಲ್ಸಿಯಂ, 1,300 ಮಿಲಿಗ್ರಾಂ ಮೆಗ್ನೀಸಿಯಂ ಇರುತ್ತದೆ. ಇವು ಸೋಪಿನ ಜೊತೆ ಸೇರಿ ನೊರೆಯ ಬದಲು ಬಿಳಿ ಅಂಟು ಆಗುತ್ತವೆ, ಅದು ಕೂದಲಿಗೆ ಹಿಡಿದರೆ ಬಿಡಿಸುವುದೇ ದೊಡ್ಡ ಕೆಲಸ. ಶಾಂಪೂ ಅಥವಾ ಪಾತ್ರೆ ತೊಳೆಯುವ ದ್ರವ ನೊರೆ ಬರುತ್ತದೆ, ಅವು ಬೇರೆ ಜಾತಿಯ ರಾಸಾಯನಿಕ. ಒಂದು ಚಮಚ ಇಡೀ ಮೈಗೆ ಸಾಕು. ಪಾತ್ರೆಯ ದ್ರವ ಚರ್ಮದ ಎಣ್ಣೆಯನ್ನು ಜಾಸ್ತಿ ಎಳೆಯುವುದರಿಂದ ಶಾಂಪೂ ಮೇಲು. ಉಜ್ಜಿ, ಮತ್ತೆ ಕಡಲನೀರಿನಿಂದಲೇ ನೊರೆ ಪೂರ್ತಿ ತೊಳೆಯಿರಿ. ಸಿಹಿನೀರನ್ನು ನೊರೆ ತೆಗೆಯಲು ಖರ್ಚು ಮಾಡಬೇಡಿ.

ಬಹಳ ಜನ ಬಿಟ್ಟುಬಿಡುವ ಹೆಜ್ಜೆ ಮುಂದಿನದು. ಸಿಹಿನೀರು ಹಾಕುವ ಮೊದಲು ಮೈಮೇಲಿನ ಕಡಲನೀರನ್ನು ಅಂಗೈಯಿಂದ ಒತ್ತಿ ಇಳಿಸಬೇಕು, ಕೂದಲು ಹಿಂಡಬೇಕು. ಕಡಲನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣ. ಮೈಗೂ ಕೂದಲಿಗೂ ಕಾಲು ಲೀಟರ್ ಅಂಟಿಕೊಂಡಿದ್ದರೂ ಅದರಲ್ಲಿ ಒಂಬತ್ತು ಗ್ರಾಂ ಆಯಿತು. ಅದನ್ನು ಕೈಯಿಂದಲೇ ಇಳಿಸಿದಷ್ಟೂ ಸಿಹಿನೀರು ಉಳಿಯುತ್ತದೆ. ಆಮೇಲೆ ಸ್ಪ್ರೇಯರ್: ತಲೆಯಿಂದ ಶುರು, ಮುಖ, ಕಂಕುಳು, ತೊಡೆಸಂದು, ಕಾಲ್ಬೆರಳ ಸಂದು. ಒಂದು ಕೈ ಒತ್ತುತ್ತಿದ್ದರೆ ಇನ್ನೊಂದು ಕೈ ಹಿಂದೆಯೇ ಸವರುತ್ತಾ ಬರಬೇಕು. ಉದ್ದ ಕೂದಲಿನವರಿಗೆ ತಲೆಗೇ ಒಂದೂವರೆ ಲೀಟರ್ ಬೇಕಾಗುತ್ತದೆ. ಅವರು ತಲೆಸ್ನಾನವನ್ನು ಮೂರು ನಾಲ್ಕು ದಿನಕ್ಕೊಮ್ಮೆ ಇಟ್ಟುಕೊಂಡು ಉಳಿದ ದಿನ ಜಡೆ ಹೆಣೆದು ಬಟ್ಟೆ ಕಟ್ಟಿಕೊಂಡರೆ ಸಿಕ್ಕುಗಟ್ಟುವುದಿಲ್ಲ. ತೀರ ಬಿರುಸಿನ ದಿನಗಳಲ್ಲಿ ಒಂದು ತಂಬಿಗೆ ಸಿಹಿನೀರಿನಲ್ಲಿ ಬಟ್ಟೆ ಅದ್ದಿ ಕಂಕುಳು, ತೊಡೆಸಂದು, ಪೃಷ್ಠ, ಪಾದ ಒರೆಸಿ ಪೂರಾ ಒಣಗಿಸಿಕೊಂಡರೂ ಕುರು ಏಳದಂತೆ ತಡೆಯಬಹುದು. ಒರೆಸುವ ಒದ್ದೆ ಟಿಶ್ಯೂ ಬಳಸಿದರೆ ಟಾಯ್ಲೆಟ್ಟಿಗೆ ಹಾಕಲೇಬೇಡಿ. ಅದು ಕರಗದು, ಪಂಪಿನ ರಬ್ಬರ್ ವಾಲ್ವಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಟವೆಲ್ ಎರಡು ಇರಲಿ, ಉಪ್ಪಿಗೆ ಒಂದು, ಸಿಹಿಗೆ ಒಂದು, ಬೇರೆ ಬಣ್ಣದವು. ಎರಡನ್ನೂ ಒಂದೇ ಕೊಕ್ಕೆಗೆ ನೇತುಹಾಕಿದರೆ ಮಾಡಿದ್ದೆಲ್ಲ ದಂಡ. ದಪ್ಪ ಟವೆಲ್ ಬೇಡ, ದೋಣಿಯಲ್ಲಿ ಒಣಗುವುದಿಲ್ಲ.

ಕಪ್ಪು ಸೌರ ಶವರ್ ಚೀಲದ ಬಗ್ಗೆಯೂ ಹೇಳಿಬಿಡುತ್ತೇನೆ. ಚೀಲ ಕೆಟ್ಟದ್ದಲ್ಲ, ಜನ ಅದನ್ನು ಪೂರ್ತಿ ತುಂಬುವುದು ತಪ್ಪು. 20 ಲೀಟರ್ ಅಂದರೆ 20 ಕಿಲೊ. ಅದನ್ನು ತಲೆಗಿಂತ ಮೇಲೆ ಬೂಮಿಗೆ, ಅಂದರೆ ಹಾಯಿಯ ಕೆಳಗಿನ ಅಂಚನ್ನು ಹಿಡಿದಿರುವ ಅಡ್ಡಕಂಬಕ್ಕೆ, ನೇತುಹಾಕಬೇಕು, ದೋಣಿ ಹೊಯ್ದಾಡಿದಾಗ ಅದು ಲೋಲಕದಂತೆ ಬಂದು ಮುಖಕ್ಕೆ ಬಡಿಯುತ್ತದೆ, ಇಲ್ಲವೇ ಹಿಡಿಕೆಯ ಹೊಲಿಗೆ ಬಿಡುತ್ತದೆ. ಆರೇಳು ಲೀಟರ್ ತುಂಬಿಸಿ ಡೆಕ್ಕಿನ ಮೇಲೆ ಬಿಸಿಲಿಗೆ ಮಲಗಿಸಿ, ಲಂಗರು ಹಾಕಿ ನಿಂತಾಗ ಮಾತ್ರ ನೇತುಹಾಕಿ. ಒಳ್ಳೆ ಬಿಸಿಲಿಗೆ ಎರಡು ಮೂರು ಗಂಟೆಯಲ್ಲಿ ಚರ್ಮ ಸುಡುವಷ್ಟು ಕಾಯುವುದುಂಟು. ಮೊದಲು ಮುಂಗೈ ಮೇಲೆ ಬಿಟ್ಟು ನೋಡಿ.

ಮಳೆ ಬಂದರೆ ಬೇರೆ ಮಾತು. 1968-69ರಲ್ಲಿ ರಾಬಿನ್ ನಾಕ್ಸ್-ಜಾನ್‌ಸ್ಟನ್ ಎಲ್ಲೂ ನಿಲ್ಲದೆ ಒಬ್ಬರೇ ಭೂಮಿ ಸುತ್ತಿ ಬಂದ ‘ಸುಹೈಲಿ’ 32 ಅಡಿಯ ದೋಣಿ. ಟ್ಯಾಂಕಿನ ನೀರು ಕೆಟ್ಟ ಮೇಲೆ ಅವರು ನೆಚ್ಚಿಕೊಂಡದ್ದು ಹಾಯಿಯಿಂದ ಇಳಿಯುವ ಮಳೆನೀರನ್ನು. ಮೊದಲ ಕೆಲವು ನಿಮಿಷದ ನೀರು ಹಾಯಿಯ ಉಪ್ಪನ್ನು ತೊಳೆದು ತರುತ್ತದೆ, ಅದನ್ನು ಬಿಟ್ಟು, ನಾಲಿಗೆಗೆ ಹಚ್ಚಿ ನೋಡಿ, ಆಮೇಲೆ ಬೂಮಿನ ಕೆಳಗೆ ಬಕೆಟ್ ಇಡಬೇಕು. ಮಳೆಯಲ್ಲೇ ಮೀಯುವವರು ತಲೆಗೆ ಶಾಂಪೂ ಹಾಕುವ ಮೊದಲು ಎರಡು ಲೀಟರ್ ಹಿಡಿದಿಟ್ಟುಕೊಂಡಿರಿ. ಕಡಲ ಮಳೆ ಬಂದಷ್ಟೇ ಬೇಗ ನಿಲ್ಲುತ್ತದೆ.

ಈಗ ಶವರ್ ಕೋಣೆಯವರ ಒಂದೇ ಒಂದು ನ್ಯಾಯವಾದ ಮಾತು: ಚಳಿಯಲ್ಲಿ, ಅಕ್ಕಪಕ್ಕ ನಾಲ್ಕು ದೋಣಿ ನಿಂತಿರುವ ಕಡೆ, ಬಯಲಲ್ಲಿ ಮೀಯುವುದು ಹೇಗೆ? ಒಪ್ಪುತ್ತೇನೆ, ಮರೆ ಬೇಕು. ಆದರೆ ಮರೆ ಬೇಕೆಂದರೆ ಬಾಯ್ಲರ್ ಬೇಕೆಂದಲ್ಲ. ಬೂಮಿನಿಂದ ಒಂದು ಬಟ್ಟೆ ಇಳಿಬಿಟ್ಟರೆ ಕಾಕ್‌ಪಿಟ್ಟೇ ಬಚ್ಚಲು. ಚಳಿ ಜಾಸ್ತಿಯಾದರೆ ಅದೇ ಟಾಯ್ಲೆಟ್ ಗೂಡಿನಲ್ಲಿ ಒಂದು ಅಗಲ ಟಬ್ ಇಟ್ಟು ಅದರೊಳಗೆ ಕೂತು ಅದೇ ಸ್ಪ್ರೇಯರ್ ಬಳಸಿ. ಅಲ್ಲಿ ಕಡಲನೀರು ಬೇಡ, ಎರಡೂವರೆ ಲೀಟರ್ ಬಿಸಿ ಸಿಹಿನೀರಿನಲ್ಲೇ ಎಲ್ಲ ಮುಗಿಯಬೇಕು, ಶಾಂಪೂ ಅರ್ಧ ಚಮಚಕ್ಕಿಂತ ಹೆಚ್ಚು ಹಾಕಿದರೆ ನೊರೆಯೇ ಹೋಗುವುದಿಲ್ಲ. ಟಬ್ಬಿನ ನೀರನ್ನು ಹೊರಗೆ ಚೆಲ್ಲಿ, ಗೋಡೆ ಒರೆಸಿ, ಮೇಲಿನ ಕಿಂಡಿ ತೆರೆದಿಡಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಕೂದಲು ಟಬ್ಬಿನಲ್ಲೇ ಕಣ್ಣಿಗೆ ಕಾಣುತ್ತದೆ, ಕೈಯಿಂದ ಎತ್ತಿ ಕಸಕ್ಕೆ ಹಾಕಬಹುದು. ಬಿಲ್ಜಿಗೆ ಒಂದು ಎಳೆಯೂ ಹೋಗುವುದಿಲ್ಲ. ಮುಚ್ಚಿದ ಬಂದರು, ಕೆರೆ, ಸರೋವರಗಳಲ್ಲಿ ಸೋಪಿನ ನೀರು ಬಿಡುವುದಕ್ಕೆ ಎಷ್ಟೋ ಕಡೆ ನಿಷೇಧ ಇರುತ್ತದೆ, ಅಲ್ಲಿ ಟಬ್ಬಿನ ನೀರನ್ನು ದಡಕ್ಕೆ ಒಯ್ಯಿರಿ. ಬೇಗ ಕೊಳೆಯುವ ಸೋಪು ಎಂದು ಬಾಟಲಿಯ ಮೇಲೆ ಬರೆದ ಮಾತ್ರಕ್ಕೆ ಅದು ಮೀನಿಗೆ ಹಿತವಾಗುವುದಿಲ್ಲ.

ಬಕೆಟ್ಟಿನ ಬಗ್ಗೆ ಹೇಳದೆ ನಿಲ್ಲಿಸಲಾರೆ, ಯಾಕೆಂದರೆ ಈ ಇಡೀ ಕೆಲಸದಲ್ಲಿ ಜೀವ ಹೋಗುವ ಸಾಧ್ಯತೆ ಇರುವುದು ಅಲ್ಲಿ. ದೋಣಿ 5 ನಾಟ್ (ಗಂಟೆಗೆ ಸುಮಾರು 9 ಕಿಲೊಮೀಟರ್) ವೇಗದಲ್ಲಿ ಸಾಗುವಾಗ ಹತ್ತು ಲೀಟರಿನ ಬಕೆಟ್ ನೀರಿಗೆ ಬಾಯಿ ಕೊಟ್ಟರೆ 20 ಕಿಲೊ ಭಾರದಷ್ಟು ಎಳೆತ ಒಂದೇ ಕ್ಷಣಕ್ಕೆ ಬರುತ್ತದೆ. ಹಗ್ಗವನ್ನು ಎಂದೂ ಕೈಗೆ ಸುತ್ತಿಕೊಳ್ಳಬೇಡಿ, ಅದರ ತುದಿ ಡೆಕ್ಕಿನ ಗೂಟಕ್ಕೆ ಕಟ್ಟಿರಲಿ, ನಿಮ್ಮ ಸುರಕ್ಷಾ ಪಟ್ಟಿಯೂ ದೋಣಿಗೆ ಸಿಕ್ಕಿಸಿರಲಿ. ವೇಗ ಮೊದಲು ಇಳಿಸಿ. ಬಕೆಟ್ಟನ್ನು ಮುಂದಕ್ಕೆ ಎಸೆದು, ಅದು ನಿಮ್ಮ ನೇರಕ್ಕೆ ಬರುವಷ್ಟರಲ್ಲಿ ಅರ್ಧ ತುಂಬಿದ್ದನ್ನೇ ಎತ್ತಿಬಿಡಬೇಕು. ತಂತಿ ಹಿಡಿಕೆಯ ಪ್ಲಾಸ್ಟಿಕ್ ಬಕೆಟ್ ನಡೆಯುವುದಿಲ್ಲ, ಕಿವಿ ಕಿತ್ತು ಬರುತ್ತದೆ. ದಪ್ಪ ರಬ್ಬರಿನದು ಅಥವಾ ಕ್ಯಾನ್ವಾಸಿನದು ತನ್ನಿ.

ಲಂಗರು ಹಾಕಿ ನೀರಿಗೇ ಇಳಿದು ಮೀಯುವುದಾದರೆ ಎಂಜಿನ್ ಆರಿಸಿ ಕೀಲಿ ತೆಗೆದಿಡಿ, ಒಬ್ಬರು ದೋಣಿಯಲ್ಲೇ ಇರಲಿ. ಸೆಳೆತ ಇದೆಯೇ ಎಂದು ಒಂದು ಚೂರು ಕಾಗದ ನೀರಿಗೆ ಹಾಕಿ ನೋಡಿ. ಏಣಿಯನ್ನು ಇಳಿಯುವ ಮೊದಲೇ ಬಿಚ್ಚಿ ನೀರೊಳಗೆ ಇಳಿಬಿಡಿ, ಅದನ್ನು ನೀರಿನಿಂದಲೇ ಎಳೆದು ಬಿಚ್ಚಲು ಒಂದು ಹಗ್ಗದ ತುಂಡು ಸದಾ ಕೈಗೆಟುಕುವ ಹಾಗೆ ನೇತಾಡುತ್ತಿರಲಿ.