ಹುಲಿ ಗಣತಿಯ ಅಂಕಿಗಳ ಕುರಿತು ಸ್ಪಷ್ಟನೆ

‘2006ರಲ್ಲಿ 1,411 ಇದ್ದ ಭಾರತದ ಹುಲಿಗಳು 2022ರಲ್ಲಿ 3,682 ಆಗಿವೆ; ಸಂರಕ್ಷಣಾ ಯೋಜನೆ ಎರಡೂವರೆ ಪಟ್ಟು ಫಲ ಕೊಟ್ಟಿದೆ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಎರಡೂ ಅಂಕಿಗಳು ಅಧಿಕೃತ ವರದಿಗಳಲ್ಲಿ ಇರುವಂಥವೇ. ಆದರೆ ಅವನ್ನು ಹೀಗೆ ನೇರವಾಗಿ ಹೋಲಿಸುವುದು ತಪ್ಪು.

2006ರ ಅಂದಾಜಿನಲ್ಲಿ ಸುಂದರಬನ ಸೇರಿರಲಿಲ್ಲ, ಒಂದೂವರೆ ವರ್ಷ ದಾಟಿದ ಹುಲಿಗಳನ್ನಷ್ಟೇ ಪರಿಗಣಿಸಲಾಗಿತ್ತು. 2018ರಲ್ಲಿ ಆ ಮಿತಿಯನ್ನು ಒಂದು ವರ್ಷಕ್ಕೆ ಇಳಿಸಲಾಯಿತು. ಕ್ಯಾಮೆರಾ ಇಟ್ಟ ತಾಣಗಳು 2014ರಲ್ಲಿ 9,735 ಇದ್ದದ್ದು 2018ರಲ್ಲಿ 26,838ಕ್ಕೆ ಏರಿದ್ದರಿಂದ, ಕಾಣುವ ಹೆಚ್ಚಳದಲ್ಲಿ ಒಂದು ಪಾಲು ಹುಡುಕಾಟ ವಿಸ್ತರಿಸಿದ್ದರ ಫಲವೂ ಆಗಿರಬಹುದು. 3,682 ಎಂಬುದೂ ತಲೆಯೆಣಿಕೆಯಲ್ಲ, 3,167ರಿಂದ 3,925ರವರೆಗಿನ ಅಂದಾಜಿನ ಸರಾಸರಿ.

ಹುಲಿಗಳು ಹೆಚ್ಚಿಲ್ಲ ಎಂದು ಇದರರ್ಥವಲ್ಲ. ಆದರೆ ದೇಶದ ಮೊತ್ತವು ಒಂದೊಂದು ಕಾಡಿನ ಸ್ಥಿತಿಯನ್ನು ಮರೆಸುತ್ತದೆ: 1973ರ ಮೊದಲ ಒಂಬತ್ತು ಹುಲಿ ಮೀಸಲು ಪ್ರದೇಶಗಳಲ್ಲಿ ಬಂಡೀಪುರದಂತೆ ಈಗಿನ ಜಾರ್ಖಂಡಿನ ಪಲಾಮುವೂ ಇತ್ತು, 2018ರ ಗಣತಿಯಲ್ಲಿ ಅಲ್ಲಿ ಒಂದು ಹುಲಿಯೂ ದಾಖಲಾಗಲಿಲ್ಲ. ಯೋಜನೆ ಫಲಿಸಿದೆಯೇ ಎಂದು ಹೇಳಲು ಒಂದೇ ಕಾಡಿನಲ್ಲಿ ಒಂದೇ ವಿಧಾನದಿಂದ ವರ್ಷವರ್ಷವೂ ಅಳೆದ ಹುಲಿ ಸಾಂದ್ರತೆ, ಹುಲಿಯ ಆಹಾರವಾದ ಜಿಂಕೆ, ಕಡವೆ, ಕಾಟಿಗಳ ಸ್ಥಿತಿ, ಮತ್ತು ಅಂಥ ರಕ್ಷಣೆ ಇಲ್ಲದ ಕಾಡಿನೊಡನೆ ಹೋಲಿಕೆ, ಇಷ್ಟೂ ಬೇಕು.

ಆದ್ದರಿಂದ ದಯವಿಟ್ಟು ಆ ಸಂದೇಶವನ್ನು ಮುಂದೆ ಕಳಿಸಬೇಡಿ; ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಈ ಸ್ಪಷ್ಟನೆಯನ್ನೂ ತಲುಪಿಸಿ.